ಬಣ್ಣದ ಮಾತೂ ಎಳೆಯ ಮನಸ್ಸೂ

ಮಾರುವವನು ತನ್ನ ಸರಕಿನ ಗುಣವನ್ನು ಕೂಗಿ ಹೇಳುವುದು ಸಂತೆಯಷ್ಟೇ ಹಳೆಯ ಪದ್ಧತಿ. ಅದರಲ್ಲಿ ಯಾರಿಗೂ ಆಕ್ಷೇಪಣೆ ಇರಲಾರದು. ನಮಗಂತೂ ಇರಕೂಡದು, ಏಕೆಂದರೆ ವೃತ್ತಪತ್ರಿಕೆಗಳು ಬಹುಮಟ್ಟಿಗೆ ಜಾಹೀರಾತಿನ ಹಣದಿಂದಲೇ ಬದುಕುತ್ತವೆ. ಆದರೆ ಸರಕಿನ ಗುಣವನ್ನು ಹೇಳುವುದು ಒಂದು. ಕೊಳ್ಳುವವನ ದೇಹದಲ್ಲಿಯೇ ಒಂದು ದೋಷವನ್ನು ಕಲ್ಪಿಸಿ, ಅವನನ್ನು ನಾಚಿಸಿ, ಆ ನಾಚಿಕೆಗೆ ಮದ್ದೆಂದು ಸರಕನ್ನು ಮುಂದೊಡ್ಡುವುದು ಇನ್ನೊಂದು. ಮೊದಲನೆಯದು ವ್ಯಾಪಾರ, ಎರಡನೆಯದು ಅಪಮಾನದ ವ್ಯಾಪಾರ. ಈ ಎರಡನೆಯ ಬಗೆಯ ಪ್ರಚಾರವು ತರುಣ ತರುಣಿಯರ ವಿಚಾರವನ್ನು ಹೇಗೆ ತಿದ್ದುವುದೆಂಬುದಕ್ಕೆ, ಮೈಬಣ್ಣವನ್ನು ಬೆಳ್ಳಗೆ ಮಾಡುವುದಾಗಿ ಹೇಳಿಕೊಂಡ ಮುಲಾಮುಗಳ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ನಮ್ಮ ದೇಶದಲ್ಲಿ ದೊರೆಯುವುದು ಕಷ್ಟ.

1975ರಲ್ಲಿ ಹಿಂದೂಸ್ಥಾನ್ ಲೀವರ್ ಕಂಪೆನಿಯವರು ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮನ್ನು ಮಾರುಕಟ್ಟೆಗೆ ತಂದರು. ‘ಬೆಳ್ಳಗೂ ಚೆಲುವಾಗಿಯೂ’ ಎಂಬ ಆ ಹೆಸರಿನಲ್ಲಿಯೇ ಒಂದು ತೀರ್ಪು ಅಡಗಿತ್ತು: ಬೆಳ್ಳಗಿಲ್ಲದವಳು ಚೆಲುವೆಯಲ್ಲ. ಮುಂದೆ ಇಂಥ ಸರಕುಗಳು ಹಲವು ಬಂದವು; 2005ರಲ್ಲಿ ಗಂಡಸರಿಗೆಂದೇ ಒಂದು ಮುಲಾಮು ಹೊರಟಿತು; ಪ್ರಸಿದ್ಧ ಚಿತ್ರನಟರೂ ನಟಿಯರೂ ಇವುಗಳಿಗೆ ತಮ್ಮ ಮುಖವನ್ನು ಬಾಡಿಗೆಗೆ ಕೊಟ್ಟರು. ಜಾಹೀರಾತುಗಳ ಕಥೆ ಮಾತ್ರ ಬಹುಕಾಲ ಒಂದೇ ಆಗಿತ್ತು. ಕಪ್ಪು ಬಣ್ಣದ ಹುಡುಗಿ. ಅವಳಿಗೆ ಉದ್ಯೋಗವಿಲ್ಲ, ವರನಿಲ್ಲ, ಮನೆಯಲ್ಲಿ ಮರ್ಯಾದೆಯಿಲ್ಲ. ಮುಲಾಮು ಬಂದಿತು, ಕೆಲವು ವಾರಗಳಲ್ಲಿ ಎಲ್ಲವೂ ಬಂದವು. ತನಗೆ ಗಂಡುಮಗನಿಲ್ಲವೆಂದು ಕೊರಗುವ ತಂದೆಯ ಮಗಳೊಬ್ಬಳು ಮುಲಾಮನ್ನು ಹಚ್ಚಿ, ಬೆಳ್ಳಗಾಗಿ, ವಿಮಾನದಲ್ಲಿ ಗಗನಸಖಿಯ ಕೆಲಸವನ್ನು ಗಳಿಸುವ ಚಿತ್ರವೊಂದು ದೂರದರ್ಶನದ ವಾಹಿನಿಗಳಲ್ಲಿ ಬರುತ್ತಿದ್ದುದನ್ನು ಅನೇಕರು ಮರೆತಿರಲಾರರು. ಮಹಿಳಾ ಸಂಘಟನೆಗಳು ದೂರಿತ್ತು, ಕೇಂದ್ರ ಸರ್ಕಾರವೂ ಆಕ್ಷೇಪಿಸಿದ ಮೇಲೆ 2003ರಲ್ಲಿ ಅದು ನಿಂತಿತು.

ಇದನ್ನು ನಂಬಿದವರು ಎಷ್ಟು ಮಂದಿ ಎಂದು ಕೆಲವರು ಕೇಳಬಹುದು. ನಂಬಿಕೆಯ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಕಥೆಯನ್ನು ಕೇಳಿ ನಕ್ಕ ಹುಡುಗಿಯೂ, ನಗು ಮುಗಿದ ಮೇಲೆ ಕನ್ನಡಿಯ ಮುಂದೆ ನಿಂತಾಗ ಹೊಸದೊಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುತ್ತಾಳೆ: ‘ನನ್ನ ಬಣ್ಣ ಸಾಲದೇ?’ ಜಾಹೀರಾತಿನ ಉತ್ತರವನ್ನು ಅವಳು ತಿರಸ್ಕರಿಸಿರಬಹುದು. ಅದರ ಪ್ರಶ್ನೆಯನ್ನು ಸ್ವೀಕರಿಸಿಬಿಟ್ಟಿದ್ದಾಳೆ. ಎಳೆಯ ವಯಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಕಂಡ ಮಾತಿಗೆ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಅದು ಪರಕೀಯರ ಮಾತೆಂಬುದು ಕ್ರಮೇಣ ಮರೆತುಹೋಗಿ, ತನ್ನ ಸ್ವಂತ ಅಭಿಪ್ರಾಯವೇ ಆಗಿ ನೆಲೆಗೊಳ್ಳುತ್ತದೆ. ಮುಲಾಮಿಗೆ ತೆತ್ತ ಹಣಕ್ಕಿಂತ ಈ ನಷ್ಟವು ದೊಡ್ಡದೆಂದು ನಮ್ಮ ಅಭಿಪ್ರಾಯ.

ದೋಷವೆಂದು ತೋರಿಸಲ್ಪಟ್ಟದ್ದು ವಸ್ತುತಃ ದೋಷವೇ ಅಲ್ಲ. ಚರ್ಮಕ್ಕೆ ಬಣ್ಣವನ್ನು ಕೊಡುವ ಮೆಲನಿನ್ ಎಂಬ ವಸ್ತುವು ಸೂರ್ಯನ ಅತಿನೇರಳೆ ಕಿರಣಗಳಿಂದ ದೇಹವನ್ನು ಕಾಪಾಡುವ ನಿಸರ್ಗದ ಕೊಡೆ. ಬಿಸಿಲಿನ ದೇಶದ ಜನರಿಗೆ ಅದು ಹೆಚ್ಚಾಗಿರುವುದು ಪ್ರಕೃತಿಯ ದಾಕ್ಷಿಣ್ಯವೇ ಹೊರತು ಶಾಪವಲ್ಲ. ನಮ್ಮ ಪೂರ್ವಿಕರಿಗೆ ಈ ನಾಚಿಕೆ ಇಷ್ಟು ಇದ್ದಂತೆ ಕಾಣುವುದಿಲ್ಲ. ಕೃಷ್ಣನೆಂಬ ಹೆಸರಿಗೆ ಕಪ್ಪೆಂದೇ ಅರ್ಥ. ದ್ರೌಪದಿಗೆ ಕೃಷ್ಣೆಯೆಂದೇ ಹೆಸರು. ರಾಮನನ್ನು ಕವಿಗಳು ಶ್ಯಾಮಲನೆಂದೇ ವರ್ಣಿಸಿದರು. ಕರ್ಣಾಟಕವೆಂಬ ಹೆಸರನ್ನೇ ಕರಿಯ ಮಣ್ಣಿನ ನಾಡೆಂದು ಬಿಡಿಸಿದ ವಿದ್ವಾಂಸರುಂಟು. 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ತರುಣ ವಕೀಲರಾಗಿದ್ದ ಗಾಂಧಿಯವರನ್ನು ಮೊದಲನೆಯ ತರಗತಿಯ ಗಾಡಿಯಿಂದ ಹೊರದೂಡಿದ್ದು ಅವರ ಮೈಬಣ್ಣದ ಕಾರಣದಿಂದ. ಆ ಅಪಮಾನವನ್ನು ಜನಾಂಗದ ಅಪಮಾನವೆಂದು ಬಗೆದ ದೇಶವೇ, ಸ್ವತಂತ್ರವಾದ ಮೇಲೆ, ಅದೇ ವರ್ಣಭೇದವನ್ನು ಸಣ್ಣ ಕೊಳವೆಯಲ್ಲಿ ತುಂಬಿಸಿಕೊಂಡು, ಹಣ ತೆತ್ತು ಮನೆಗೆ ತಂದುದು ಖೇದಕರವಲ್ಲವೇ?

ಆದರೆ ಕಂಪೆನಿಗಳನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಬೆಂಕಿಯನ್ನು ಹೊತ್ತಿಸಿದವರು ಅವರಲ್ಲ. ನಮ್ಮ ಮನೆಯೊಳಗಿದ್ದ ಕೆಂಡಕ್ಕೆ ಅವರು ಗಾಳಿ ಹಾಕಿದರು. ‘ಗೌರವರ್ಣದ ಕನ್ಯೆ ಬೇಕಾಗಿದ್ದಾಳೆ’ ಎಂಬ ಸಾಲನ್ನು ದಶಕಗಳ ಕಾಲ ಅಚ್ಚು ಹಾಕಿದವು ಯಾವುವು? ನಮ್ಮಂಥ ಪತ್ರಿಕೆಗಳೇ. ಒಂದು ಪುಟದಲ್ಲಿ ಸಮಾನತೆಯ ಅಗ್ರಲೇಖನ, ಇನ್ನೊಂದು ಪುಟದಲ್ಲಿ ಬಣ್ಣವನ್ನು ಅಳೆದು ಕೇಳುವ ವಿವಾಹ ಪ್ರಕಟಣೆ. ಎರಡನ್ನೂ ಒಂದೇ ದಿನ ಓದಿದ ಮನೆಯ ಮಗಳು ಯಾವುದನ್ನು ನಿಜವೆಂದು ತಿಳಿದಾಳು?

ಕಾನೂನು ಏನನ್ನೂ ಮಾಡಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. 1985ರಲ್ಲಿ ಉದ್ಯಮದವರೇ ಸ್ಥಾಪಿಸಿಕೊಂಡ ಜಾಹೀರಾತು ಮಾನದಂಡ ಮಂಡಲಿಯು, ಕಪ್ಪು ಬಣ್ಣದವರನ್ನು ದುಃಖಿತರೆಂದೂ ಅನಾಕರ್ಷಕರೆಂದೂ ತೋರಿಸಕೂಡದೆಂದು 2014ರಲ್ಲಿ ನಿಯಮ ಮಾಡಿತು. 2018ರಲ್ಲಿ ಕೇಂದ್ರ ಸರ್ಕಾರವು, ಬಣ್ಣ ತಿಳಿಯಾಗಲೆಂದು ಜನರು ಅವಿಚಾರದಿಂದ ಬಳಸುತ್ತಿದ್ದ ಸ್ಟಿರಾಯ್ಡ್ ಮುಲಾಮುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕಟ್ಟುಮಾಡಿತು. 2020ರಲ್ಲಿ, ಅಮೇರಿಕದಲ್ಲಿ ಕರಿಯರ ಮೇಲಣ ಅನ್ಯಾಯದ ವಿರುದ್ಧ ಎದ್ದ ಚಳವಳಿಯು ಲೋಕವನ್ನೆಲ್ಲ ಕಲಕಿದಾಗ, ಆ ಹಳೆಯ ಮುಲಾಮು ತನ್ನ ಹೆಸರಿನಿಂದ ‘ಫೇರ್’ ಎಂಬ ಶಬ್ದವನ್ನು ಕಿತ್ತು ‘ಗ್ಲೋ’ ಎಂಬುದನ್ನು ಅಂಟಿಸಿಕೊಂಡಿತು. ನಲವತ್ತೈದು ವರ್ಷ ಒಂದು ಪಾಠವನ್ನು ಹೇಳಿಕೊಟ್ಟು, ಕೊನೆಗೆ ಹಲಗೆಯ ಮೇಲಿನ ಅಕ್ಷರವನ್ನು ಒರೆಸಿದರೆ, ಕಲಿತವರ ಮನಸ್ಸಿನಿಂದ ಪಾಠವು ಅಳಿಸಿಹೋಗುವುದೇ?

ಈಗಲಾದರೋ ಬೋಧನೆಯ ಸ್ಥಳವೇ ಬದಲಾಗಿದೆ. ಗೋಡೆಯ ಮೇಲಿನ ಚಿತ್ರವನ್ನು ಊರೆಲ್ಲ ನೋಡುತ್ತಿತ್ತು. ದೂರದರ್ಶನವನ್ನು ಮನೆಯವರೆಲ್ಲ ಕೂಡಿ ನೋಡುತ್ತಿದ್ದರು. ಹಿರಿಯರೊಬ್ಬರು ಅದಕ್ಕೆ ನಕ್ಕರೆ ಕಿರಿಯರಿಗೆ ಅದೇ ಎಚ್ಚರಿಕೆಯಾಗುತ್ತಿತ್ತು. ಕೈಯೊಳಗಿನ ಫೋನನ್ನು ಬಾಲಕನು ಒಬ್ಬನೇ ನೋಡುತ್ತಾನೆ. ಅಲ್ಲಿ ವ್ಯಾಪಾರಿಯು ವ್ಯಾಪಾರಿಯಾಗಿ ಬರುವುದಿಲ್ಲ. ಗೆಳತಿಯಂತೆ, ಅಣ್ಣನಂತೆ ಮಾತನಾಡುವ ವ್ಯಕ್ತಿಯಾಗಿ ಬರುತ್ತಾನೆ. ಹಣ ಪಡೆದು ಹೊಗಳುವವರು ಅದನ್ನು ಬಹಿರಂಗವಾಗಿ ಸೂಚಿಸಬೇಕೆಂದು ಮೇಲೆ ಹೇಳಿದ ಮಂಡಲಿಯು 2021ರಲ್ಲಿ ವಿಧಿಸಬೇಕಾಯಿತೆಂದರೆ ಪರಿಸ್ಥಿತಿಯನ್ನು ಊಹಿಸಬಹುದು. ತೆಗೆದ ಭಾವಚಿತ್ರವನ್ನು ಕೇಳುವ ಮೊದಲೇ ಬೆಳ್ಳಗೆ ಮಾಡಿಕೊಡುವ ಯಂತ್ರಗಳೂ ಬಂದಿವೆ; ತನ್ನ ನಿಜವಾದ ಮುಖವೇ ತನಗೆ ಅಪರಿಚಿತವಾಗುವ ಕಾಲ ಇದು. ಹದಿನೆಂಟು ವರ್ಷಕ್ಕೆ ಒಳಗಿನವರ ಚಲನವಲನವನ್ನು ಹಿಂಬಾಲಿಸಿ ಅವರನ್ನೇ ಗುರಿಯಿಟ್ಟು ಜಾಹೀರಾತು ಕಳುಹಿಸುವುದನ್ನು ತಡೆಯುವ ವಿಧಿಯೊಂದು 2023ರ ದತ್ತಾಂಶ ಸಂರಕ್ಷಣೆಯ ಶಾಸನದಲ್ಲಿದೆ. ಅದನ್ನು ಕಾಗದದ ಮೇಲೆಯೇ ಉಳಿಯಗೊಡದಿರುವುದು ಅಧಿಕಾರಿಗಳ ಹೊಣೆ.

ಶಾಸನವು ಬಾಗಿಲನ್ನು ಕಾಯಬಲ್ಲುದು. ಮನಸ್ಸನ್ನು ಕಾಯುವುದು ಶಿಕ್ಷಣದ ಕೆಲಸ. ನಮ್ಮ ಪ್ರೌಢಶಾಲೆಗಳಲ್ಲಿ ಪದ್ಯದ ಭಾವಾರ್ಥವನ್ನು ಬಿಡಿಸುವಂತೆ, ವಾರಕ್ಕೊಂದು ಜಾಹೀರಾತಿನ ಭಾವಾರ್ಥವನ್ನು ಏಕೆ ಬಿಡಿಸಬಾರದು? ಮೂರು ಪ್ರಶ್ನೆಗಳು ಸಾಕು. ಇದಕ್ಕೆ ಹಣ ಕೊಟ್ಟವರಾರು? ನನ್ನಲ್ಲಿ ಯಾವ ಕೊರತೆಯಿದೆಯೆಂದು ಇದು ಹೇಳುತ್ತದೆ? ಈ ಸರಕೇ ಇಲ್ಲದಿದ್ದರೆ ಆ ಕೊರತೆ ನನಗೆ ತೋರುತ್ತಿತ್ತೇ? ಈ ಅಭ್ಯಾಸವಾದ ಹುಡುಗನು ಮುಲಾಮಿನ ಮಾತನ್ನಷ್ಟೇ ಅಲ್ಲ, ಚುನಾವಣೆಯ ಮಾತನ್ನೂ ಪತ್ರಿಕೆಯ ಮಾತನ್ನೂ ತೂಗಿ ನೋಡಬಲ್ಲನು. ಆ ತಕ್ಕಡಿಗೆ ನಾವೂ ಹೆದರಬಾರದು. ವಿವಾಹ ಪ್ರಕಟಣೆಗಳಲ್ಲಿ ಮೈಬಣ್ಣದ ಉಲ್ಲೇಖವನ್ನು ಕೈಬಿಡುವುದು ಪತ್ರಿಕೆಗಳು ತಾವಾಗಿಯೇ ಇಡಬಹುದಾದ ಮೊದಲ ಹೆಜ್ಜೆ. ಅದಕ್ಕೆ ಯಾವ ಶಾಸನವೂ ಬೇಕಿಲ್ಲ.

ಎರಡನೆಯ ಹೆಜ್ಜೆಯನ್ನು ನಮ್ಮ ಓದುಗ ಮಹಾಶಯರೇ ಇಡಬೇಕು. ‘ಹುಡುಗಿ ಸ್ವಲ್ಪ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ’ ಎಂದು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಆಡುವುದುಂಟು. ಮಗಳು ಒಳಗಿನ ಕೋಣೆಯಲ್ಲಿ ಕುಳಿತು ಅದನ್ನು ಕೇಳುತ್ತಿರುತ್ತಾಳೆ. ಅವಳು ಕೇಳುವ ಮೊದಲನೆಯ ಜಾಹೀರಾತು ಆ ‘ಆದರೆ’ ಎಂಬ ಮಾತೇ. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ.