ಕ್ರಿಸ್ಮಸ್ ಕೇಕಿಗೆ ಕೊಬ್ಬರಿಯ ಹೊದಿಕೆ

ಕ್ರಿಸ್ಮಸ್ ಸಮೀಪಿಸಿದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಮನೆಗಳಲ್ಲಿಯೂ ಕೇಕಿನ ಮಾತು ಏಳುತ್ತದೆ. ಬೇಕರಿಯ ಕೆನೆಹೊದಿಕೆಯ ಕೇಕು ಬಡ ಕುಟುಂಬಕ್ಕೆ ಭಾರ. ಹಸಿ ತೆಂಗಿನತುರಿಯಲ್ಲಿ ನೀರಿನಂಶ ಹೆಚ್ಚು. ಮುನ್ನಾದಿನ ಹಚ್ಚಿದ್ದು ಹಬ್ಬದ ಹೊತ್ತಿಗೆ ಹಳಸೀತು. ಜೋಳ ಬೆಳೆಯುವ ಈ ಸೀಮೆಗೆ ಒಗ್ಗುವುದು ಒಣಕೊಬ್ಬರಿಯೇ. ಕರ್ಚಿಕಾಯಿಯ ಹೂರಣಕ್ಕೆ ಕೊಬ್ಬರಿ ತುರಿಯುವ ತಾಯಂದಿರಿಗೆ ಇದು ಹೊಸ ವಿದ್ಯೆಯಲ್ಲ.

ಮೊದಲು ಕೊಬ್ಬರಿಯನ್ನು ಮೂಸಿ ನೋಡಬೇಕು. ಕಮಟು ವಾಸನೆಯಿದ್ದರೆ ಕೇಕೆಲ್ಲ ಕೆಡುತ್ತದೆ. ಕಂದು ಸಿಪ್ಪೆ ಹೆರೆದು ಸಣ್ಣಗೆ ತುರಿಯಬೇಕು. 1 ಬಟ್ಟಲು ಹಾಲು, 1 ಬಟ್ಟಲು ಸಕ್ಕರೆ, 2 ಚಮಚ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಬೇಕು. ಹಾಲು ಅರ್ಧಕ್ಕಿಳಿದು ಮಂದವಾದಾಗ 1 ಬಟ್ಟಲು ತುರಿ ಬೆರೆಸಿ, ಉಗುರುಬೆಚ್ಚಗಿರುವಾಗಲೇ ಪೂರ್ಣ ಆರಿದ ಕೇಕಿನ ಮೇಲೆ ಹರಡಬೇಕು. ಎರಡು ದಿನಗಳೊಳಗೆ ಮುಗಿಸುವುದು ಲೇಸು.

ಇದನ್ನು ಬಡವರ ಹೊದಿಕೆಯೆಂದು ಕೀಳಾಗಿ ಕಾಣಬೇಕಿಲ್ಲ. 1957ರಲ್ಲಿ ಅಮೆರಿಕದ ಡಲ್ಲಾಸ್ ನಗರದ ದಿನಪತ್ರಿಕೆಯೊಂದು ಗೃಹಿಣಿಯೊಬ್ಬರ ಪಾಕವಿಧಾನವೆಂದು ಪ್ರಕಟಿಸಿ ಹೆಸರಾದ 'ಜರ್ಮನ್ ಚಾಕೊಲೇಟ್ ಕೇಕಿ'ನ ಹೊದಿಕೆಯೂ ಹಾಲು-ಕೊಬ್ಬರಿಯ ಪಾಕವೇ. ಸಾಲ ಮಾಡಿ ತಂದ ಕೇಕಿಗಿಂತ ಮನೆಯಲ್ಲಿಯೇ ಮಾಡಿದ ಇದು, ನೆರೆಮನೆಗೂ ಒಂದು ತುಂಡು ಹಂಚಲು ಒದಗೀತೆಂದು ನಾವು ನಂಬುತ್ತೇವೆ.