ವಿಶ್ವಾಸದ ಹೊಸ್ತಿಲಲ್ಲಿ ನಿಂತವರೊಡನೆ

ಕಥೋಲಿಕ ವಿಶ್ವಾಸವನ್ನು ಅರಿಯಬೇಕೆಂದು ಒಬ್ಬರು ಧರ್ಮಕೇಂದ್ರದ ಬಾಗಿಲಿಗೆ ಬಂದಾಗ, ಯಾವ ಪುಸ್ತಕ ಕೊಡಬೇಕು, ಸ್ನಾನದೀಕ್ಷೆ ಎಂದು ನೀಡಬೇಕು ಎಂಬ ಪ್ರಶ್ನೆಗಳೇ ನಮ್ಮಲ್ಲಿ ಮೊದಲು ಏಳುತ್ತವೆ. ಆದರೆ ಯೊವಾನ್ನರ ಶುಭಸಂದೇಶದಲ್ಲಿ ಯೇಸು ಆಡುವ ಮೊದಲ ಮಾತು, ತಮ್ಮನ್ನು ಹಿಂಬಾಲಿಸಿದವರು ಏನನ್ನು ಅರಸುತ್ತಿದ್ದಾರೆಂಬ ವಿಚಾರಣೆ (1:38). ಸಹಪಯಣ ಆರಂಭವಾಗಬೇಕಾದುದೂ ಅಲ್ಲಿಂದಲೇ.

ಶಿಶುದೀಕ್ಷೆ ವಾಡಿಕೆಯಾದಂತೆ ಆದಿಸಭೆಯ ದೀಕ್ಷಾರ್ಥಿ ಪದ್ಧತಿ ಮರೆಯಾಯಿತು. ಅದನ್ನು ಹಂತಹಂತವಾಗಿ ಪುನಃಸ್ಥಾಪಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು. 1972ರಲ್ಲಿ ವಯಸ್ಕರ ಕ್ರೈಸ್ತ ಪ್ರವೇಶವಿಧಿ ಪ್ರಕಟವಾಯಿತು. ಇದರಲ್ಲಿ ನಾಲ್ಕು ಅವಧಿಗಳಿವೆ: ಅನ್ವೇಷಣೆ, ದೀಕ್ಷಾರ್ಥಿತ್ವ, ಶುದ್ಧೀಕರಣ ಮತ್ತು ಪ್ರಕಾಶ, ಕೊನೆಯದಾಗಿ ಸಂಸ್ಕಾರರಹಸ್ಯಗಳ ಮನನ. ಅಗತ್ಯವಾದರೆ ದೀಕ್ಷಾರ್ಥಿತ್ವ ವರ್ಷಗಳವರೆಗೂ ಮುಂದುವರಿಯಬಹುದು. ಮಾನಸಾಂತರವನ್ನು ಪಠ್ಯಕ್ರಮದಂತೆ ಮುಗಿಸಲಾಗದು ಎಂಬ ಅರಿವು ಇದರ ಹಿಂದಿದೆ.

ಬಂದವರ ಉದ್ದೇಶ ಶುದ್ಧವಾಗಿಲ್ಲದಿದ್ದರೆ? ಸುಮಾರು ಕ್ರಿ.ಶ. 400ರಲ್ಲಿ ಕಾರ್ಥೇಜಿನ ಸೇವಾದರ್ಶಿ ದೆಯೊಗ್ರಾತಿಯಾಸನಿಗೆ ಬರೆದ ಕೃತಿಯಲ್ಲಿ ಸಂತ ಆಗಸ್ಟೀನರು ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಲಾಭವನ್ನು ಬಯಸಿ ಬಂದವನನ್ನೂ ಅವರು ಹಿಂದಕ್ಕೆ ಕಳುಹಿಸುವುದಿಲ್ಲ. ಅವನು ಹೇಳಿಕೊಂಡ ಸದುದ್ದೇಶವನ್ನೇ ಮೆಚ್ಚಿ, ತಾನು ತೋರಿಸಿಕೊಳ್ಳುವಂಥವನೇ ನಿಜವಾಗಿ ಆಗುವ ಆಸೆಯನ್ನು ಅವನಲ್ಲಿ ಹುಟ್ಟಿಸಬೇಕೆನ್ನುತ್ತಾರೆ. ಬೋಧಕನ ಸಂತೋಷವೂ ಅವರಿಗೆ ಬೋಧನೆಯಷ್ಟೇ ಮುಖ್ಯ.

ನಮ್ಮಲ್ಲಿ ಈ ಪ್ರಶ್ನೆ ಅನೇಕ ವೇಳೆ ವಿವಾಹದ ರೂಪದಲ್ಲಿ ಬರುತ್ತದೆ. ಕಥೋಲಿಕ ವರನನ್ನು ಮೆಚ್ಚಿದ ಯುವತಿಗೆ ಮನೆಯವರು ಮದುವೆಗೆ ಮುನ್ನ ದೀಕ್ಷೆ ಪಡೆಯಲು ಹೇಳಿರುತ್ತಾರೆ. ಆಗ ನಾವು ಆಕೆಗೆ ಮೊದಲು ತಿಳಿಸಬೇಕಾದುದು ಇದು: ದೀಕ್ಷೆ ವಿವಾಹದ ಶುಲ್ಕವಲ್ಲ, ನಿಯಮಿತ ಷರತ್ತುಗಳ ಮೇಲೆ ಧರ್ಮಾಧ್ಯಕ್ಷರ ವಿನಾಯಿತಿಯಿಂದ ಆಕೆ ದೀಕ್ಷೆ ಪಡೆಯದೆಯೂ ವಿವಾಹವಾಗಬಹುದು. ಹೀಗೆ ಹೇಳಿದರೆ ಆಕೆ ಮರಳಿ ಬಾರದೆ ಹೋಗಬಹುದು. ಆದರೂ ಹೇಳಲೇಬೇಕು. ಒತ್ತಾಯದಿಂದಾಗಲಿ ಅನುಚಿತ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯಬಾರದೆಂದು ಮಹಾಸಭೆಯ 1965ರ ಧರ್ಮಪ್ರಚಾರ ಕುರಿತ ಆಜ್ಞಾಪತ್ರ ಸ್ಪಷ್ಟವಾಗಿ ನಿಷೇಧಿಸುತ್ತದೆ (13). ಪ್ರೇರಣೆಗಳನ್ನು ಪರಿಶೀಲಿಸಿ, ಬೇಕಾದಲ್ಲಿ ಶುದ್ಧಗೊಳಿಸಬೇಕೆಂದೂ ಹೇಳುತ್ತದೆ. ಇಲ್ಲ ಎನ್ನಲು ಅವಕಾಶವಿಲ್ಲದವರ ಹೌದು ವಿಶ್ವಾಸವಾಗಲಾರದು.

ಈ ಸಹಪಯಣ ಗುರುವಿನದೋ ಉಪದೇಶಿಯದೋ ಮಾತ್ರವಲ್ಲ, ಇಡೀ ಸಮುದಾಯದ ಹೊಣೆ ಎಂದು ಅದೇ ಆಜ್ಞಾಪತ್ರ ನೆನಪಿಸುತ್ತದೆ (14). ತಪಸ್ಸುಕಾಲದ ಮೂರು, ನಾಲ್ಕು, ಐದನೆಯ ಭಾನುವಾರಗಳಲ್ಲಿ ಸಮಾರ್ಯದ ಮಹಿಳೆ, ಹುಟ್ಟುಕುರುಡ ಹಾಗೂ ಲಾಜರರ ಶುಭಸಂದೇಶಗಳೊಡನೆ ನಡೆಯುವ ಪರಿಶೋಧನಾ ವಿಧಿಗಳು ಸಭೆಯ ನಡುವೆ ಜರುಗುವುದೂ ಅದಕ್ಕಾಗಿಯೇ. ದೀಕ್ಷಾರ್ಥಿಯ ಬಾಯಾರಿಕೆಯನ್ನು ಕಂಡ ಸಭೆ ತನ್ನ ಬಾಯಾರಿಕೆಯನ್ನೂ ಗುರುತಿಸಿಕೊಳ್ಳುತ್ತದೆ.

ನಾವು ಹೆಚ್ಚು ಕಡೆಗಣಿಸುವುದು ಕೊನೆಯ ಅವಧಿಯನ್ನು. ಪಾಸ್ಖ ಜಾಗರಣೆಯ ರಾತ್ರಿ ಬಿಳಿಯುಡುಪು ತೊಟ್ಟವರನ್ನು ಚಪ್ಪಾಳೆಯಿಂದ ಸ್ವಾಗತಿಸುತ್ತೇವೆ. ಬಳಿಕ ಅವರು ಯಾವ ಸಾಲಿನಲ್ಲಿ, ಯಾರ ಪಕ್ಕದಲ್ಲಿ ಕುಳಿತರೆಂದು ಕೇಳುವುದಿಲ್ಲ. ಹಳೆಯ ನಂಟುಗಳು ಸಡಿಲಗೊಂಡು ಹೊಸವು ಇನ್ನೂ ಬಿಗಿಯಾಗದ ಆ ವಾರಗಳಲ್ಲೇ ಒಂಟಿತನ ಕಾಡುತ್ತದೆ. ಪಾಸ್ಖ ಕಾಲದ ಪ್ರತಿ ಭಾನುವಾರ ಒಂದು ಕುಟುಂಬ ಅವರೊಡನೆ ಬಲಿಪೂಜೆಗೆ ಬಂದು, ಅನಂತರ ಮನೆಗೆ ಊಟಕ್ಕೆ ಕರೆದರೆ, ಅದೇ ಉತ್ತಮ ಆರಂಭ. ನಾಳೆ ಧರ್ಮಕೇಂದ್ರಗಳ ಹೊಣೆ ಹೊರಲಿರುವ ನಮ್ಮ ಗುರುವಿದ್ಯಾರ್ಥಿಗಳು ದೀಕ್ಷೆ ಪಡೆದವರ ಸಂಖ್ಯೆಯ ಜೊತೆಗೆ, ಮರುವರ್ಷವೂ ಸಭೆಯಲ್ಲಿ ಉಳಿದವರ ಹೆಸರುಗಳನ್ನೂ ನೆನಪಿಟ್ಟುಕೊಳ್ಳಲಿ.