ಚರ್ಮದ ಕೂಗೂ ಅದರ ಶಮನವೂ

ಒಲೆಯೊಳಗಿನ ಬೆಂಕಿ ಅನ್ನವನ್ನು ಬೇಯಿಸುತ್ತದೆ. ಅದೇ ಬೆಂಕಿ ಮನೆಯ ಸೂರಿಗೆ ತಗುಲಿದರೆ ಊರೆಲ್ಲವೂ ಎಚ್ಚರಗೊಳ್ಳುತ್ತದೆ. ವಸ್ತು ಒಂದೇ, ಸ್ಥಾನಭೇದದಿಂದ ಅದರ ಅರ್ಥ ಬೇರೆಯಾಗುತ್ತದೆ. ನಮ್ಮ ಚರ್ಮದಲ್ಲಿಯೂ ಇಂತಹ ವಸ್ತುವೊಂದುಂಟು. ಅದಕ್ಕೆ ಅಡಿನೋಸಿನ್ ಟ್ರೈಫಾಸ್ಫೇಟ್ ಎಂದು ಹೆಸರು, ಸಂಕ್ಷೇಪವಾಗಿ ಎ.ಟಿ.ಪಿ. ಎನ್ನುವರು.

1929ರಲ್ಲಿ ಜರ್ಮನಿಯ ಕಾರ್ಲ್ ಲೋಮಾನ್ ಎಂಬವರೂ, ಅಮೆರಿಕದ ಹಾರ್ವರ್ಡಿನಲ್ಲಿದ್ದ ಸೈರಸ್ ಫಿಸ್ಕೆ ಮತ್ತು ಆಂಧ್ರದವರಾದ ಎಲ್ಲಾಪ್ರಗಡ ಸುಬ್ಬರಾವ್ ಎಂಬವರೂ ಇದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಈ ಅಣುವಿನಲ್ಲಿ ಮೂರು ಫಾಸ್ಫೇಟುಗಳು ಸರಪಣಿಯ ಕೊಂಡಿಗಳಂತೆ ಸೇರಿಕೊಂಡಿವೆ. ಕಡೆಯ ಕೊಂಡಿ ಕಳಚುವಾಗ ದೊರೆಯುವ ಶಕ್ತಿಯಿಂದಲೇ ಜೀವಕೋಶಗಳ ಬಹುಪಾಲು ವ್ಯಾಪಾರಗಳು ನಡೆಯುತ್ತವೆ.

ಇದರ ಕಾರ್ಯವೆಲ್ಲ ಕೋಶದ ಒಳಗೇ ಮುಗಿಯುವುದೆಂದು ಬಹುಕಾಲ ನಂಬಿದ್ದರು. 1972ರಲ್ಲಿ ಜೆಫ್ರಿ ಬರ್ನ್‌ಸ್ಟಾಕ್ ಎಂಬ ವಿಜ್ಞಾನಿಗಳು, ಇದು ನರಗಳಿಂದ ಹೊರಬಿದ್ದು ದೂತನಂತೆಯೂ ವರ್ತಿಸುವುದೆಂದು ಪ್ರತಿಪಾದಿಸಿದಾಗ ಅನೇಕರು ಒಪ್ಪಲಿಲ್ಲ. ಈ ದೂತನ ಮಾತನ್ನು ಕೇಳುವ ಗ್ರಾಹಕಗಳು ಕೋಶಗಳ ಮೇಲೆ ದೊರೆತ ಬಳಿಕ ಆ ಮತವು ಸ್ಥಿರಪಟ್ಟಿತು.

ಹೊರಚರ್ಮದ ಕೋಶಗಳಲ್ಲಿ ಬಹುಪಾಲು ಕೆರಾಟಿನೋಸೈಟ್ ಎಂಬ ಜಾತಿಯವು. ಅವುಗಳ ಒಳಗೆ ಎ.ಟಿ.ಪಿ. ಸಮೃದ್ಧವಾಗಿದೆ, ಹೊರಗೆ ಅದರ ಸಹಸ್ರಾಂಶವೂ ಇಲ್ಲ. ಗಾಯವಾದರೆ, ಸುಟ್ಟರೆ, ಇಲ್ಲವೆ ತೀಕ್ಷ್ಣವಾದ ರಾಸಾಯನಿಕವು ತಗುಲಿದರೆ, ಒಳಗಿನದು ಹೊರಕ್ಕೆ ಚೆಲ್ಲುತ್ತದೆ. ನೆರೆಯ ಕೋಶಗಳೂ ನರಗಳ ತುದಿಗಳೂ ಅದನ್ನು ಅಪಾಯದ ಕೂಗೆಂದು ಗ್ರಹಿಸುತ್ತವೆ. ಮನುಷ್ಯರ ಚರ್ಮದ ಬೊಕ್ಕೆಯ ತಳಕ್ಕೆ ಎ.ಟಿ.ಪಿ.ಯನ್ನು ಸೋಕಿಸಿದಾಗ ನೋವುಂಟಾದುದನ್ನು 1977ರಲ್ಲಿಯೇ ವರದಿಮಾಡಿದ್ದರು.

ಈ ಕೂಗನ್ನು ಅಡಗಿಸುವವರಾರು? ಕೋಶಗಳ ಹೊರಮೈಯಲ್ಲಿ ನೆಲೆಸಿರುವ ಕಿಣ್ವಗಳು. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯದ ಪದಾರ್ಥಗಳು ಹುಳಿಯೇಳಲೆಂದು ಬೆರಸುವ ವಸ್ತು. ತಾನು ವ್ಯಯವಾಗದೆ ಇತರ ಪದಾರ್ಥಗಳನ್ನು ಮಾರ್ಪಡಿಸುವ ಅಣುಗಳಿಗೆ ಈಗ ಅದೇ ಹೆಸರು ಸಲ್ಲುತ್ತಿದೆ. ಸಿಡಿ-39 ಎಂಬ ಕಿಣ್ವವು ಸರಪಣಿಯ ಎರಡು ಕೊಂಡಿಗಳನ್ನು ಕತ್ತರಿಸುತ್ತದೆ. ಉಳಿದೊಂದನ್ನು ಸಿಡಿ-73 ಎಂಬುದು ಕತ್ತರಿಸುತ್ತದೆ. ಕಡೆಗೆ ಉಳಿಯುವುದು ಅಡಿನೋಸಿನ್. ಆಶ್ಚರ್ಯವೇನೆಂದರೆ, ಈ ಶೇಷವಸ್ತುವೇ ಬೇರೆ ಗ್ರಾಹಕಗಳನ್ನು ಮುಟ್ಟಿ ಉರಿಯೂತವನ್ನು ತಗ್ಗಿಸುತ್ತದೆ. ಕೂಗನ್ನು ಕತ್ತರಿಸಿದ ತುಂಡಿನಿಂದಲೇ ಸಾಂತ್ವನದ ಮಾತು ಹುಟ್ಟಿದಂತಾಯಿತು.

ಈ ಕತ್ತರಿಗಳು ಇಲ್ಲದಿದ್ದರೆ ಏನಾದೀತು? 2002ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಸಿಡಿ-39 ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಸಾಮಾನ್ಯ ಇಲಿಗಳಲ್ಲಿ ಈ ಕಿಣ್ವವು ಚರ್ಮದ ಕಾವಲುಗಾರರಾದ ಲ್ಯಾಂಗರ್‌ಹಾನ್ಸ್ ಕೋಶಗಳ ಮೇಲೆ ಇರುತ್ತದೆ. ಅದಿಲ್ಲದ ಇಲಿಗಳ ಚರ್ಮಕ್ಕೆ ಉರಿಯೆಬ್ಬಿಸುವ ರಾಸಾಯನಿಕವನ್ನು ಹಚ್ಚಿದಾಗ ಊತವು ಮಿತಿಮೀರಿತು. ಆದರೆ ಅವೇ ಇಲಿಗಳಲ್ಲಿ, ಒಮ್ಮೆ ಪರಿಚಯವಾದ ವಸ್ತುವನ್ನು ನೆನಪಿಟ್ಟು ದೇಹವು ತೋರುವ ಅಲರ್ಜಿಯ ಪ್ರತಿಕ್ರಿಯೆಯು ಬಹಳ ಕುಗ್ಗಿತ್ತು! ಕೂಗು ನಿಲ್ಲದೆ ಇದ್ದುದರಿಂದ ಕೇಳುವ ಗ್ರಾಹಕಗಳೇ ಮಂದವಾಗಿದ್ದುವು. ಆದುದರಿಂದ ಕಿಣ್ವಗಳು ಕೂಗಿನ ಶತ್ರುಗಳಲ್ಲ. ಮುಂದಿನ ಕೂಗು ಕಿವಿಗೆ ಬೀಳುವಂತೆ ಮೌನವನ್ನು ಕಾಪಾಡುವವು.

ಗೃಹಸ್ಥರು ಇದರಿಂದ ತಿಳಿಯಬೇಕಾದುದೂ ಉಂಟು. ತೀಕ್ಷ್ಣವಾದ ಸಾಬೂನುಪುಡಿಯಲ್ಲಿ ಪ್ರತಿನಿತ್ಯವೂ ಪಾತ್ರೆ ಬಟ್ಟೆಗಳನ್ನು ತೊಳೆಯುವವರ ಕೈಗಳು ಕೆಂಪಾಗಿ ಉರಿಯುವುದುಂಟು. ಅದನ್ನು ಸಹಿಸುವುದೇ ಗೃಹಿಣಿಯ ಧರ್ಮವೆಂದು ಬಗೆಯುವುದು ಸರಿಯಲ್ಲ. ಹಳೆಯ ಪೆಟ್ಟು ಮಾಯುವ ಮೊದಲೇ ಹೊಸ ಪೆಟ್ಟು ಬೀಳುತ್ತಿದ್ದರೆ ಶಮನಕ್ಕೆ ಅವಕಾಶವೆಲ್ಲಿ? ಶುದ್ಧಜಲದಿಂದ ಕೈಗಳನ್ನು ತೊಳೆದು, ಕಾರಣವಾದ ವಸ್ತುವನ್ನು ದೂರಮಾಡಿ, ಮನೆಯ ಇತರರೂ ಆ ಕೆಲಸಕ್ಕೆ ಕೈಗೂಡಿಸುವುದು ಯುಕ್ತ. ಆದರೂ ಉರಿ ಶಮಿಸದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.